ಕೆಂಪು ದೀಪದ ಕಡೆಗೆ ಓಡುವ ರೈಲು

2014ರ ಬೇಸಿಗೆಯಲ್ಲಿ ಅಪ್ಪ ಅಮ್ಮ ಊರಿಂದ ನ್ಯೂಯಾರ್ಕಿಗೆ ಬಂದಿದ್ದರು. ಬಂದವರಿಗೆಲ್ಲ ತೋರಿಸುವ ಹಾಗೆ ಲಿಬರ್ಟಿ ಪ್ರತಿಮೆ, ಎಂಪೈರ್ ಸ್ಟೇಟ್ ಕಟ್ಟಡ, ಟೈಮ್ಸ್ ಸ್ಕ್ವೇರ್ ಎಲ್ಲ ತೋರಿಸಿದ್ದಾಯ್ತು. ಅಮ್ಮ ಫೋಟೋ ತೆಗೆಸಿಕೊಂಡರು. ಅಪ್ಪನಿಗೆ ಇದ್ಯಾವುದೂ ಅಷ್ಟಾಗಿ ಹಿಡಿಸಲಿಲ್ಲ. ಅವರಿಗೆ ಹಿಡಿಸಿದ್ದು ಸಿ ರೈಲಿನ ಮೊದಲ ಬೋಗಿಯ ಮುಂಬಾಗಿಲ ಗಾಜು!

ಸಿ ಮಾರ್ಗದಲ್ಲಿ ಆಗ ಓಡುತ್ತಿದ್ದದ್ದು 1964-65ರಲ್ಲಿ ಬಡ್ ಕಂಪನಿ ಮಾಡಿಕೊಟ್ಟ ಸ್ಟೀಲ್ ಬೋಗಿಗಳು. ವಯಸ್ಸಿನಲ್ಲಿ ನನಗಿಂತ ದೊಡ್ಡವು. ಅವುಗಳಲ್ಲಿ ಡ್ರೈವರ್ ಕೋಣೆ ಒಂದು ಬದಿಗಷ್ಟೇ. ಹಾಗಾಗಿ ನಡುವಿನ ಬಾಗಿಲ ಗಾಜಿಗೆ ಮೂಗು ಒತ್ತಿ ನಿಂತರೆ ಇಡೀ ಸುರಂಗ ಕಾಣುತ್ತಿತ್ತು. ಸಾಮಾನ್ಯವಾಗಿ ಅಲ್ಲಿ ನಿಲ್ಲುತ್ತಿದ್ದವರು ಆರೇಳು ವರ್ಷದ ಮಕ್ಕಳು. ಅವತ್ತು ಮೂವತ್ತು ವರ್ಷಕ್ಕೂ ಮೇಲೆ ಘಾಟಿ ರಸ್ತೆಯಲ್ಲಿ ಬಸ್ಸು ಓಡಿಸಿ ರಿಟೈರ್ ಆದ ಅಪ್ಪ ನಿಂತಿದ್ದರು. ಬ್ರೂಕ್ಲಿನ್ ಕಡೆಗೆ ಈಸ್ಟ್ ರಿವರ್ ನದಿಯ ಕೆಳಗಿನ ಸುರಂಗಕ್ಕೆ ರೈಲು ಇಳಿಯುತ್ತಿತ್ತು.

"ಏನೋ ಇದು, ಕೆಂಪು ದೀಪದ ಕಡೆಗೇ ಬಿಡ್ತಾ ಇದಾನಲ್ಲೋ" ಅಂದರು ಗಾಬರಿಯಿಂದ. ನೋಡಿದರೆ ಹೌದು, ಎದುರಿಗೆ ಕೆಂಪು. ರೈಲು ಹತ್ತಿರ ಹೋಗುವಾಗ ದೀಪ ಬದಲಾಯಿತು. ಮುಂದೆ ಮತ್ತೊಂದು ಕೆಂಪು, ಅದೂ ಹಾಗೇ. ನಾಲ್ಕೈದು ಸಲ ಹೀಗಾದ ಮೇಲೆ ಅಪ್ಪ ಸುಮ್ಮನಾದರು. ಇಳಿಯುವ ಹೊತ್ತಿಗೆ ಹೇಳಿದ್ದು ಇಷ್ಟು: "ಗಾಡಿ ಚೆನ್ನಾಗಿದೆ, ಇಳಿಜಾರು ಇದೆ, ಆದ್ರೂ ಅವನು ಓಡಿಸ್ತಿಲ್ಲ. ಅವನಿಗೆ ಮೆಮೋ ಭಯ ಕಣೋ."

ನಾನು ನಕ್ಕುಬಿಟ್ಟೆ. ನ್ಯೂಯಾರ್ಕಿನಂಥ ಊರಿನ ಸಬ್‌ವೇಗೆ ಊರ ಬಸ್ ಡಿಪೋದ ಲೆಕ್ಕ ಹಾಕ್ತಾರಲ್ಲ ಅಂತ. ನಾಲ್ಕು ವರ್ಷ ಕಳೆದ ಮೇಲೆ ಗೊತ್ತಾಯ್ತು, ಅಪ್ಪ ಹೇಳಿದ್ದು ಹೆಚ್ಚು ಕಡಿಮೆ ಅಕ್ಷರಶಃ ನಿಜ ಅಂತ. ಆ ಕಥೆ ಹೇಳೋಣ ಅಂತಲೇ ಇವತ್ತು ಕೂತಿದ್ದೇನೆ. ಸ್ವಲ್ಪ ಉದ್ದ ಇದೆ, ಕಾಫಿ ಇಟ್ಟುಕೊಂಡು ಓದಿ :)

ನ್ಯೂಯಾರ್ಕ್ ಸಬ್‌ವೇ ಶುರುವಾಗಿದ್ದು 1904ರ ಅಕ್ಟೋಬರ್ 27ರಂದು. ಟಿಕೆಟ್ಟು ಐದು ಸೆಂಟು. ಆ ಐದು ಸೆಂಟು 1948ರ ತನಕ ಏರಲೇ ಇಲ್ಲ ಎಂದರೆ ನಂಬುತ್ತೀರಾ? ನಡುವೆ ಎರಡು ಮಹಾಯುದ್ಧ ಮುಗಿದುಹೋದವು, ದರ ಮಾತ್ರ ಅಲ್ಲೇ. ದರ ಏರಿಸಿದ ರಾಜಕಾರಣಿ ಮನೆಗೆ ಹೋಗುತ್ತಾನೆ ಎಂಬ ಭಯ. ರೈಲು ನಡೆಸುತ್ತಿದ್ದ ಖಾಸಗಿ ಕಂಪನಿಗಳು ಸೊರಗಿದವು, 1940ರಲ್ಲಿ ನಗರವೇ ಎಲ್ಲವನ್ನೂ ಕೊಂಡುಕೊಂಡಿತು. 1946ರಲ್ಲಿ ವರ್ಷಕ್ಕೆ 200 ಕೋಟಿಗೂ ಮೇಲೆ ಪ್ರಯಾಣಗಳು. ಆಮೇಲೆ ಕಾರು, ಹೆದ್ದಾರಿ, ಉಪನಗರ ಬಂದವು, ಜನ ಕಮ್ಮಿಯಾದರು, ದುಡ್ಡೂ ಕಮ್ಮಿಯಾಯಿತು. ದುಡ್ಡು ಕಮ್ಮಿಯಾದಾಗ ಮೊದಲು ಕತ್ತರಿ ಬೀಳುವುದು ರಿಪೇರಿಗೆ. ರಿಪೇರಿ ನಿಲ್ಲಿಸಿದರೆ ಆ ವರ್ಷ ಯಾರಿಗೂ ಗೊತ್ತಾಗುವುದಿಲ್ಲವಲ್ಲ.

1975ರಲ್ಲಿ ನಗರ ದಿವಾಳಿಯ ಅಂಚಿಗೆ ಬಂದು ನಿಂತಿತು. ಆ ಕಾಲದ ಸಬ್‌ವೇ ಚಿತ್ರಗಳನ್ನು ನೀವೂ ನೋಡಿರುತ್ತೀರಿ, ಒಳಗೂ ಹೊರಗೂ ಗೀಚಿದ ಬೋಗಿಗಳು, ಕತ್ತಲೆ. ಇದನ್ನು ಅಳೆಯಲು ರೈಲಿನವರ ಹತ್ತಿರ ಒಂದು ಲೆಕ್ಕವಿದೆ: ಒಂದು ಸಲ ಕೆಟ್ಟ ಬೋಗಿ ಮತ್ತೆ ಕೆಡುವುದಕ್ಕೆ ಮುಂಚೆ ಸರಾಸರಿ ಎಷ್ಟು ಮೈಲಿ ಓಡುತ್ತದೆ ಎಂಬುದು. 1980ರ ಆಸುಪಾಸು ಅದು 7,000 ಮೈಲಿಗೂ ಕೆಳಗೆ ಇಳಿದಿತ್ತು. ಹಳಿ ಎಷ್ಟು ಹಾಳಾಗಿತ್ತೆಂದರೆ ನೂರಾರು ಕಡೆ ರೈಲು ಕುಂಟುತ್ತಾ ಹೋಗಬೇಕೆಂದು ಕೆಂಪು ಗುರುತು ಹಾಕಿದ್ದರು. 1982ರಲ್ಲಿ ಪ್ರಯಾಣಗಳ ಸಂಖ್ಯೆ ನೂರು ಕೋಟಿಗಿಂತ ಕೆಳಗೆ ಬಂತು.

ಅಲ್ಲಿಂದ ಮೇಲೆದ್ದ ಕಥೆಯೂ ದೊಡ್ಡದೇ, ಆದರೆ ಬೇಗ ಹೇಳಿ ಮುಗಿಸುತ್ತೇನೆ. ರಿಚರ್ಡ್ ರ‍್ಯಾವಿಚ್ ಎಂಬ ಅಧ್ಯಕ್ಷರು ಸಾಲ ಎತ್ತಿ ರಿಪೇರಿ ಮಾಡುವ ಐದು ವರ್ಷದ ಯೋಜನೆಯನ್ನು 1982ರಲ್ಲಿ ಶುರು ಮಾಡಿಸಿದರು. 1984ರಲ್ಲಿ ಡೇವಿಡ್ ಗನ್ ಬಂದರು. ತೊಳೆದ ಬೋಗಿಯ ಮೇಲೆ ಯಾರಾದರೂ ಗೀಚಿದರೆ ಅದನ್ನು ಒರೆಸುವ ತನಕ ಆ ಬೋಗಿ ಹೊರಗೆ ಹೋಗಕೂಡದು ಎಂದರು. 1989ರ ಮೇ 12ರಂದು ಗೀಚಿದ ಕೊನೆಯ ರೈಲನ್ನೂ ಸೇವೆಯಿಂದ ತೆಗೆದರು. ಹೊಸ ಬೋಗಿಗಳು ಬಂದವು, 2010ರ ಹೊತ್ತಿಗೆ ಆ ಮೈಲಿಯ ಲೆಕ್ಕ ಒಂದೂವರೆ ಲಕ್ಷ ದಾಟಿತ್ತು. ಇಪ್ಪತ್ತು ಪಟ್ಟಿಗೂ ಹೆಚ್ಚು! ಜನ ವಾಪಸ್ ಬಂದರು. 2015ರಲ್ಲಿ 176 ಕೋಟಿ ಪ್ರಯಾಣಗಳು, 1948ರಿಂದೀಚೆಗೆ ಅದೇ ಹೆಚ್ಚು.

ಇಲ್ಲಿಗೆ ಶುಭಂ ಅನ್ನಬೇಕಿತ್ತು. ಆದರೆ ಅದೇ ಹೊತ್ತಿಗೆ ರೈಲುಗಳು ನಿಧಾನವಾಗುತ್ತಾ ಹೋಗಿದ್ದವು. ಬೋಗಿ ಕೆಡುತ್ತಿಲ್ಲ, ರೈಲು ಮಾತ್ರ ತಡ. ಯಾಕೆ?

ಉತ್ತರಕ್ಕೆ 1995ರ ಜೂನ್ 5ಕ್ಕೆ ಹೋಗಬೇಕು. ಬೆಳಗಿನ ಆರು ದಾಟಿತ್ತು. ಬ್ರೂಕ್ಲಿನ್‌ನಿಂದ ಮ್ಯಾನ್‌ಹಟನ್‌ಗೆ ಹೋಗುವ ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ ಎಂ ರೈಲೊಂದು ನಿಂತಿತ್ತು. ಹಿಂದಿನಿಂದ ಬಂದ ಜೆ ರೈಲು ಕೆಂಪು ದೀಪ ದಾಟಿ ಅದಕ್ಕೆ ಗುದ್ದಿತು. ಜೆ ರೈಲಿನ ಡ್ರೈವರ್ ತೀರಿಕೊಂಡರು, 50ಕ್ಕೂ ಹೆಚ್ಚು ಜನಕ್ಕೆ ಗಾಯ. ಅವರು ನಿದ್ದೆಗೆ ಜಾರಿದ್ದರು ಎಂದು ತನಿಖೆ ಮಾಡಿದವರು ತೀರ್ಮಾನಿಸಿದರು.

ಆದರೆ ಡ್ರೈವರ್ ನಿದ್ದೆ ಮಾಡಿದರೂ ರೈಲು ನಿಲ್ಲಬೇಕಿತ್ತು. ಅದಕ್ಕೆಂದೇ ಒಂದು ಏರ್ಪಾಡಿದೆ. ಪ್ರತಿ ಸಿಗ್ನಲ್ಲಿನ ಪಕ್ಕ, ಹಳಿಯ ಬದಿಗೆ, ಗೇಣುದ್ದದ ಒಂದು ಕಬ್ಬಿಣದ ತೋಳು. ದೀಪ ಕೆಂಪಾಗಿದ್ದರೆ ತೋಳು ಮೇಲೆದ್ದು ನಿಂತಿರುತ್ತದೆ. ದಾಟಲು ಹೋದ ರೈಲಿನ ಅಡಿಯಲ್ಲಿರುವ ಒಂದು ಹಿಡಿಗೆ ಅದು ತಾಗಿ, ತುರ್ತು ಬ್ರೇಕು ತಾನಾಗಿಯೇ ಬೀಳುತ್ತದೆ. ಸರಳ, ಪೂರ್ತಿ ಯಾಂತ್ರಿಕ, ಬಲು ಚೆನ್ನಾದ ಉಪಾಯ. ಅವತ್ತೂ ತೋಳು ತನ್ನ ಕೆಲಸ ಮಾಡಿತು, ಬ್ರೇಕೂ ಬಿತ್ತು. ನಿಲ್ಲಲು ಜಾಗ ಸಾಲಲಿಲ್ಲ.

ಯಾಕೆಂದರೆ ಸೇತುವೆಯ ಮೇಲಿನ ಸಿಗ್ನಲ್ಲುಗಳ ನಡುವಿನ ಅಂತರವನ್ನು ಗೊತ್ತು ಮಾಡಿದ್ದು 1918ರಲ್ಲಿ. ಆಗಿನ ರೈಲುಗಳು ಚಿಕ್ಕವು, ಹಗುರ, ನಿಧಾನ. ಮುಂದೆ ಬೋಗಿ ಬದಲಾದವು, ತೂಕ ಬದಲಾಯಿತು, ವೇಗ ಬದಲಾಯಿತು. ಕಂಬಗಳು ಮಾತ್ರ 1918ರಲ್ಲೇ ನಿಂತಿದ್ದವು. (ಅದೇ 1918ರ ನವೆಂಬರ್ 1ರಂದು ಬ್ರೂಕ್ಲಿನ್‌ನ ಮಾಲ್ಬೋನ್ ಬೀದಿಯಲ್ಲಿ, ಮುಷ್ಕರದ ದಿನ, ಡ್ರೈವರ್ ಅಲ್ಲದ ಗುಮಾಸ್ತನೊಬ್ಬನ ಕೈಗೆ ರೈಲು ಕೊಟ್ಟು 90ಕ್ಕೂ ಹೆಚ್ಚು ಜನ ಸತ್ತಿದ್ದರು. ಆ ಬೀದಿಯ ಹೆಸರನ್ನೇ ಬದಲಿಸಿಬಿಟ್ಟರು. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.)

ಜನರಿಗೆ ಧೈರ್ಯ ಬರಬೇಕಾದರೆ ಏನಾದರೂ ಮಾಡಲೇಬೇಕಿತ್ತು. ಸಾವಿರಾರು ಕಂಬ ಕಿತ್ತು ಹೊಸದಾಗಿ ನೆಡುವುದು ದಶಕಗಳ ಕೆಲಸ. ಅದಕ್ಕಿಂತ ಸುಲಭ ರೈಲಿನ ವೇಗ ಇಳಿಸುವುದು. ಹಾಗೇ ಮಾಡಿದರು. ಬೋಗಿಗಳು ಅಷ್ಟು ಜೋರಾಗಿ ಓಡದ ಹಾಗೆ ಮಾರ್ಪಡಿಸಿದರು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಸಿಗ್ನಲ್ಲುಗಳನ್ನು ಬಿಗಿ ಮಾಡುತ್ತಾ ಹೋದರು, ಎಷ್ಟೋ ಕಡೆ ಹೊಸ ಟೈಮರ್ ಕೂರಿಸಿದರು. ಅಪ್ಪನನ್ನು ಗಾಬರಿ ಮಾಡಿದ್ದು ಈ ಟೈಮರ್ ಸಿಗ್ನಲ್ಲುಗಳೇ.

ಇದು ಕೆಲಸ ಮಾಡುವ ರೀತಿ ನೋಡಿ. ಮುಂದೆ ಹಳಿ ಖಾಲಿ ಇದ್ದರೂ ದೀಪ ಕೆಂಪಾಗಿಯೇ ಇರುತ್ತದೆ. ಕಂಬದ ಹತ್ತಿರ 20 ಅಂತ ಬೋರ್ಡಿದ್ದರೆ, ಗಂಟೆಗೆ 20 ಮೈಲಿ ಮೀರದೆ ಬಂದ ರೈಲಿಗೆ ಮಾತ್ರ ಕೆಂಪು ಹೋಗಿ ದಾರಿ ಬಿಡುತ್ತದೆ. ಅಂದರೆ ಡ್ರೈವರ್ ಕೆಂಪು ದೀಪವನ್ನು ನೋಡುತ್ತಾ, ಅದು ಬದಲಾಗುತ್ತದೆ ಎಂಬ ನಂಬಿಕೆಯಲ್ಲಿ ಅದರ ಕಡೆಗೇ ಓಡಿಸಬೇಕು. ಬದಲಾಗದಿದ್ದರೆ? ಕಬ್ಬಿಣದ ತೋಳು ತಾಗಿ ರೈಲು ಗಕ್ಕನೆ ನಿಲ್ಲುತ್ತದೆ, ಹಿಂದಿನ ರೈಲುಗಳೆಲ್ಲ ಸಾಲಾಗಿ ನಿಲ್ಲುತ್ತವೆ, ಡ್ರೈವರ್ ಮೇಲೆ ವಿಚಾರಣೆ.

ಎಲ್ಲಾ ಟೈಮರುಗಳೂ ಸರಿಯಾಗಿದ್ದರೆ ತೊಂದರೆಯಿಲ್ಲ. ಆದರೆ 20ರ ಬೋರ್ಡಿನ ಕಂಬವೊಂದು 15ಕ್ಕೆ ಮಾತ್ರ ದಾರಿ ಬಿಡುತ್ತಿದ್ದರೆ? ಅಂಥವು ಇದ್ದವು. ಯಾವುದು ಅಂಥದ್ದು ಅಂತ ಬೋರ್ಡಿನಲ್ಲಿ ಬರೆದಿರುವುದಿಲ್ಲ. ಒಂದು ಸಲ ಪೆಟ್ಟು ತಿಂದ ಡ್ರೈವರ್ ಆಮೇಲೆ ಎಲ್ಲಾ ಕಂಬಕ್ಕೂ ಹತ್ತರಲ್ಲೇ ಹೋಗುತ್ತಾನೆ. ಹೊಸಬರಿಗೂ ಅದನ್ನೇ ಹೇಳಿಕೊಡುತ್ತಾನೆ. ಒಂದು ಕಂಬಕ್ಕೆ ಹೋಗುವುದು ಕೆಲವೇ ಸೆಕೆಂಡು. ಆದರೆ ದಾರಿಯುದ್ದಕ್ಕೂ ಎಷ್ಟು ಕಂಬ! ರೈಲು ನಿಧಾನವಾದರೆ ಗಂಟೆಗೆ ಹೋಗುವ ರೈಲುಗಳ ಸಂಖ್ಯೆ ಇಳಿಯುತ್ತದೆ, ಪ್ಲಾಟ್‌ಫಾರಂ ತುಂಬುತ್ತದೆ, ತುಂಬಿದರೆ ಹತ್ತಿ ಇಳಿಯುವುದಕ್ಕೆ ಇನ್ನೂ ಹೊತ್ತು.

ನನಗೆ ಸಿಟ್ಟು ಬರುವುದು ಇದರ ಮುಂದಿನ ಭಾಗಕ್ಕೆ. ತಡವಾದ ರೈಲಿಗೆಲ್ಲ ಒಂದು ಕಾರಣ ಬರೆಯಬೇಕಲ್ಲ? ಬೇರೆ ಕಾರಣ ಕಾಣದಿದ್ದಾಗ 'ಜನಸಂದಣಿ' ಅಂತ ಬರೆಯುವ ಪದ್ಧತಿ ಬೆಳೆಯಿತು. ಕೊನೆಗೆ ಮೂರನೇ ಒಂದಕ್ಕೂ ಹೆಚ್ಚು ತಡಗಳು ಜನಸಂದಣಿಯ ಲೆಕ್ಕದಲ್ಲಿದ್ದವು. ಅಂದರೆ ತಪ್ಪು ರೈಲಿನದಲ್ಲ, ಹತ್ತಿದವರದು! 2018ರ ಮಾರ್ಚಿನಲ್ಲಿ ವಿಲೇಜ್ ವಾಯ್ಸ್ ಪತ್ರಿಕೆ ಒಳಗಿನ ಕಾಗದಪತ್ರಗಳನ್ನು ಕೆದಕಿ, ನಿಧಾನ ಮಾಡಿದ್ದು ಇಲಾಖೆಯದೇ ನಿರ್ಧಾರಗಳು ಎಂದು ಬರೆಯಿತು. ಅದನ್ನು ಓದುವಾಗಲೇ ನನಗೆ ಅಪ್ಪನ ಮೆಮೋ ಮಾತು ನೆನಪಾಗಿದ್ದು.

ಅಷ್ಟರಲ್ಲಿ 2017 ಆಗಿಹೋಗಿತ್ತು. ಆ ವರ್ಷ ವಾರದ ದಿನಗಳಲ್ಲಿ ಸಮಯಕ್ಕೆ ಮುಟ್ಟುತ್ತಿದ್ದದ್ದು ನೂರಕ್ಕೆ 65 ರೈಲು. ಜೂನ್ 5ರಂದು (ತಾರೀಖು ಗಮನಿಸಿ) ಎಫ್ ರೈಲೊಂದು ದೀಪವಿಲ್ಲದೆ, ಎಸಿ ಇಲ್ಲದೆ ಮುಕ್ಕಾಲು ಗಂಟೆಯಷ್ಟು ಸುರಂಗದಲ್ಲಿ ನಿಂತಿತು. ಸ್ಟೇಷನ್ನಿಗೆ ಬಂದಾಗ ಗಾಜಿನ ಮೇಲೆಲ್ಲ ಬೆವರಿನ ಹಬೆ, ಬಾಗಿಲ ಸಂದಿಯಲ್ಲಿ ಬೆರಳುಗಳು. ಆ ದೃಶ್ಯ ಇಡೀ ಊರು ನೋಡಿತು. ಜೂನ್ 27ರಂದು ಹಾರ್ಲೆಮ್‌ನ 125ನೇ ಬೀದಿಯ ಹತ್ತಿರ ಎ ರೈಲು ಹಳಿ ತಪ್ಪಿ ಮೂವತ್ತಕ್ಕೂ ಹೆಚ್ಚು ಜನಕ್ಕೆ ಪೆಟ್ಟಾಯಿತು. ಹಳಿಗಳ ಮಧ್ಯೆ ಬಿಗಿಯದೆ ಬಿಟ್ಟಿದ್ದ ಬಿಡಿ ಹಳಿಯ ತುಂಡೇ ಕಾರಣ. ಎರಡು ದಿನಕ್ಕೆ ಗವರ್ನರ್ ಆಂಡ್ರ್ಯೂ ಕೋಮೋ ತುರ್ತು ಪರಿಸ್ಥಿತಿ ಘೋಷಿಸಿದರು.

2018ರ ಜನವರಿಯಲ್ಲಿ ಸಮಯಕ್ಕೆ ಬರುವ ರೈಲುಗಳ ಪ್ರಮಾಣ ಇನ್ನೂ ಇಳಿದು ನೂರಕ್ಕೆ 58ಕ್ಕೆ ಬಂತು. ಅದೇ ತಿಂಗಳು ಆಂಡಿ ಬೈಫೋರ್ಡ್ ಎಂಬ ಇಂಗ್ಲಿಷಿನವರು ಸಬ್‌ವೇ ಮತ್ತು ಬಸ್ಸುಗಳ ಮುಖ್ಯಸ್ಥರಾಗಿ ಬಂದರು. ಲಂಡನ್, ಸಿಡ್ನಿ, ಟೊರಾಂಟೋಗಳಲ್ಲಿ ಕೆಲಸ ಮಾಡಿದ್ದವರು. ಹೊಸ ಕಂಪ್ಯೂಟರ್ ಸಿಗ್ನಲ್ಲುಗಳ ದೊಡ್ಡ ಯೋಜನೆಯನ್ನೂ ಮುಂದಿಟ್ಟರು, ಅದಕ್ಕೆ ಸಾವಿರಾರು ಕೋಟಿ ಡಾಲರ್ ಬೇಕು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಅವರ ಚಿಕ್ಕ ಕೆಲಸ. ಒಂದು ಸಣ್ಣ ತಂಡ ಮಾಡಿ, ಟೈಮರ್ ಸಿಗ್ನಲ್ಲುಗಳನ್ನೆಲ್ಲ ಪರೀಕ್ಷೆ ಮಾಡಿ ಅಂದರು. ಸುಮಾರು 2,000 ಇದ್ದವು. ವರ್ಷದ ಕೊನೆಗೆ ನೋಡಿದರೆ 250ಕ್ಕೂ ಹೆಚ್ಚು ತಪ್ಪಾಗಿದ್ದವು! ಬೋರ್ಡಿನಲ್ಲಿದ್ದ ವೇಗದಲ್ಲಿ ಹೋದರೂ ಅವು ದಾರಿ ಬಿಡುತ್ತಿರಲಿಲ್ಲ. ಡ್ರೈವರುಗಳು ವರ್ಷಗಟ್ಟಲೆ ಹೆದರಿದ್ದು ಸುಮ್ಮನೆ ಅಲ್ಲ.

ಕೆಟ್ಟ ಟೈಮರುಗಳನ್ನು ಒಂದೊಂದಾಗಿ ಸರಿ ಮಾಡಿದರು. ಅಪಾಯವಿಲ್ಲದ ಕಡೆ ವೇಗದ ಮಿತಿ ಏರಿಸಿದರು. ಬ್ರೂಕ್ಲಿನ್‌ನ ನಾಲ್ಕನೇ ಅವೆನ್ಯೂ ಕೆಳಗೆ 15 ಇದ್ದದ್ದು 30 ಆಯಿತು. ಬೋರ್ಡಿನ ವೇಗದಲ್ಲಿ ಧೈರ್ಯವಾಗಿ ಓಡಿಸಿ ಎಂದು ಡ್ರೈವರುಗಳಿಗೆ ಹೇಳಿದರು. 2019ರ ಜೂನ್ ಹೊತ್ತಿಗೆ ನೂರಕ್ಕೆ 80ಕ್ಕೂ ಮೇಲೆ ರೈಲುಗಳು ಸಮಯಕ್ಕೆ ಬರತೊಡಗಿದ್ದವು. ಹಳಿ, ಚರಂಡಿ ಸ್ವಚ್ಛ ಮಾಡಿದ್ದೂ ಇದರಲ್ಲಿ ಸೇರಿದೆ, ಎಲ್ಲ ಪುಣ್ಯವೂ ಟೈಮರಿನದಲ್ಲ. ಬೈಫೋರ್ಡ್‌ಗೆ ಗವರ್ನರ್ ಜತೆ ಹೊಂದಾಣಿಕೆ ಆಗಲಿಲ್ಲ, 2020ರ ಜನವರಿಯಲ್ಲಿ ರಾಜೀನಾಮೆ ಕೊಟ್ಟರು. ಎರಡು ತಿಂಗಳಿಗೆ ಕೊರೋನಾ ಬಂದು ಸಬ್‌ವೇಯೇ ಖಾಲಿಯಾಯಿತು.

ಟೈಮರ್ ಪರೀಕ್ಷೆಯ ಸುದ್ದಿ ಬಂದ ದಿನ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದ್ದೆ. ಪೂರ್ತಿ ಕೇಳಿಸಿಕೊಂಡು, "ಅಲ್ಲಾ, ಇದನ್ನ ಕಂಡುಹಿಡಿಯೋಕೆ ಇಪ್ಪತ್ತು ವರ್ಷ ಬೇಕಾಯ್ತಾ? ಡ್ರೈವರುಗಳನ್ನ ಕೇಳಿದ್ರೆ ಟೀ ಕುಡಿಯೋದ್ರೊಳಗೆ ಹೇಳ್ತಿದ್ರಲ್ಲೋ" ಅಂದರು. ಆಮೇಲೆ, ಆ ಹಳೇ ಗಾಡಿ ಇನ್ನೂ ಇದೆಯಾ ಅಂತ ಕೇಳಿದರು.

ಆಗ ಇತ್ತು. 2022ರ ಜನವರಿಯಲ್ಲಿ ಆ ಬೋಗಿಗಳ ಕೊನೆಯ ಓಡಾಟ ಮುಗಿಯಿತು. ಅಪ್ಪ ಗಾಜಿಗೆ ಹಣೆ ಹಚ್ಚಿ ನಿಂತ ಫೋಟೋ ಒಂದಿದೆ, ಬೆನ್ನು ಮಾತ್ರ ಕಾಣುತ್ತದೆ. ಅದರಾಚೆ ಸುರಂಗದಲ್ಲಿ ಒಂದು ಕೆಂಪು ಚುಕ್ಕೆ.