ಹೊಗೆ ತೊಳೆದ ನೀರು

ಜೆ.ಪಿ. ನಗರದ ಒಂದು ಓಣಿಯಲ್ಲಿ ನನ್ನ ಸೋದರಮಾವನಿಗೆ ಸಣ್ಣ ಪ್ಲೇಟಿಂಗ್ ಶೆಡ್ ಇತ್ತು. ತುಕ್ಕು ಹಿಡಿದ ಬೋಲ್ಟುಗಳನ್ನು ಮೊದಲು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದುತ್ತಿದ್ದರು. ಆ ಆವಿಗೆ ಕಣ್ಣು ಉರಿಯುತ್ತಿತ್ತು. ಶೆಡ್ಡಿನ ಹಿಂದೆ ಎರಡಾಳು ಎತ್ತರದ ಪ್ಲಾಸ್ಟಿಕ್ ಗೋಪುರ: ಕೆಳಗಿನಿಂದ ಫ್ಯಾನು ಆವಿಯನ್ನು ನೂಕುತ್ತದೆ, ಮೇಲಿನಿಂದ ಕಾಸ್ಟಿಕ್ ಸೋಡಾ ಬೆರೆಸಿದ ನೀರು ಮಳೆಯಂತೆ ಸುರಿಯುತ್ತದೆ. ನಡುವೆ ತುಂಬಿದ ಉಂಗುರಗಳ ಮೇಲೆ ನೀರು ತೆಳುವಾಗಿ ಹರಡಿ ಆವಿಯನ್ನು ಹೀರುತ್ತದೆ. ಇದೇ ಸ್ಕ್ರಬ್ಬರ್.

"ಆ ನೀರು ಎಲ್ಲಿಗೆ ಹೋಗತ್ತೆ, ಮಾವ?"

"ಮೋರಿಗೆ. ಇನ್ನೆಲ್ಲಿಗೆ?"

ಈ ಮಾತಿಗೆ ಹಳೆಯ ಚರಿತ್ರೆಯಿದೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಸೋಪು, ಗಾಜಿಗೆ ಬೇಕಾದ ಸೋಡಾವನ್ನು ಅಡುಗೆ ಉಪ್ಪಿನಿಂದ ತಯಾರಿಸುತ್ತಿದ್ದರು. ಉಪ್ಪಿಗೆ ಗಂಧಕಾಮ್ಲ ಸುರಿದಾಗ ಏಳುವ ಹೈಡ್ರೋಜನ್ ಕ್ಲೋರೈಡ್ ಸುತ್ತಲಿನ ಮರ, ಬೇಲಿ, ಬೆಳೆಗಳನ್ನು ಸುಡುತ್ತಿತ್ತು. ಮಾಲೀಕರು ಚಿಮಣಿ ಎತ್ತರಿಸಿದರು; ವಿಷ ಇನ್ನಷ್ಟು ದೂರ ಹೋಯಿತು, ಅಷ್ಟೆ. 1836ರಲ್ಲಿ ವಿಲಿಯಂ ಗಾಸೇಜ್ ಎಂಬಾತ ಪಾಳುಬಿದ್ದ ಗಾಳಿಗಿರಣಿಯೊಂದಕ್ಕೆ ಮುಳ್ಳುಪೊದೆ, ಸೌದೆಪುಳ್ಳೆ ತುಂಬಿ, ಮೇಲಿಂದ ನೀರು ಜಿನುಗಿಸಿ ಆ ಅನಿಲವನ್ನು ಹಿಡಿದ. ಮಾವನ ಉಂಗುರಗಳ ಅಜ್ಜ ಆ ಪುಳ್ಳೆಗಳೇ!

1863ರ ಆಲ್ಕಲಿ ಕಾಯ್ದೆ ಆ ಅನಿಲದ 95 ಶೇಕಡಾ ಭಾಗವನ್ನು ಹಿಡಿಯಲೇಬೇಕೆಂದಿತು. ಮೊದಲ ಇನ್ಸ್‌ಪೆಕ್ಟರ್ ರಾಬರ್ಟ್ ಆಂಗಸ್ ಸ್ಮಿತ್. 'ಆಮ್ಲ ಮಳೆ' ಎಂಬ ಮಾತಿನೊಂದಿಗೆ ಇಂದಿಗೂ ಅವನ ಹೆಸರೇ ಬರುತ್ತದೆ. ಗಾಳಿ ತಿಳಿಯಾಯಿತು, ನಿಜ. ಆದರೆ ಹಿಡಿದ ಆಮ್ಲವನ್ನು ಹಳ್ಳಗಳಿಗೆ ಬಿಟ್ಟರು. ನದಿಗಳ ಕಾಯ್ದೆ ಬಂದದ್ದು 1876ರಲ್ಲಿ, ಹದಿಮೂರು ವರ್ಷ ಕಳೆದ ಮೇಲೆ. ಕಾನೂನಿಗಿಂತಲೂ ಲಾಭದ ಆಸೆ ಹೆಚ್ಚು ಕೆಲಸ ಮಾಡಿತೆಂದು ನನಗನ್ನಿಸುತ್ತದೆ: ಅದೇ ಆಮ್ಲದಿಂದ ಬ್ಲೀಚಿಂಗ್ ಪೌಡರ್ ಮಾಡಿ ಮಾರಬಹುದೆಂದು ಗೊತ್ತಾದ ಮೇಲೆ ಅದನ್ನು ಚೆಲ್ಲಲು ಯಾರಿಗೆ ಮನಸ್ಸು ಬಂದೀತು?

ನಮ್ಮಲ್ಲಿ ಕ್ರಮ ತಿರುಗುಮುರುಗು. ನೀರಿನ ಕಾಯ್ದೆ 1974ರದ್ದು, ಗಾಳಿಯದ್ದು 1981ರದ್ದು. ನೀರಿಗೆಂದು ಹುಟ್ಟಿದ ರಾಜ್ಯ ಮಂಡಳಿಯೇ ಆಮೇಲೆ ಗಾಳಿಯನ್ನೂ ನೋಡಿಕೊಳ್ಳತೊಡಗಿತು. ಹಾಗಿದ್ದೂ ಜಯನಗರ, ಬಿಟಿಎಂ ಕಡೆಯ ರಾಜಕಾಲುವೆಗಳು ಸೇರುವ ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ಹೊತ್ತಿ ಉರಿಯಿತು. ಆ ನೊರೆಯಲ್ಲಿ ಹೆಚ್ಚಿನದು ನಮ್ಮ ಮನೆಗಳ ಕೊಳಚೆ, ಸೋಪಿನ ಪುಡಿ, ಮಾವನೊಬ್ಬನನ್ನೇ ದೂರುವಂತಿಲ್ಲ.

ಆಮೇಲೆ ಮಾವ ಗೋಪುರದ ಪಕ್ಕ ಒಂದು ತೊಟ್ಟಿ ಕಟ್ಟಿಸಿದರು. ಒಮ್ಮೆ ಅದರೊಳಗೆ ಪಿಎಚ್ ಕಾಗದ ಅದ್ದಿ ತೋರಿಸಿದರು, ಹಸಿರು ಬಣ್ಣ. ಆಮ್ಲವೂ ಕಾಸ್ಟಿಕ್ಕೂ ಕೂಡಿ ಉಪ್ಪುನೀರಾಗಿತ್ತು. "ಇದನ್ನ ಮಾತ್ರ ಸಾರಿಗೆ ಹಾಕ್ಕೋಬೇಡಪ್ಪ," ಎಂದು ನಕ್ಕರು. ತೊಟ್ಟಿಯ ತಳದಲ್ಲಿ ಕೂತ ಕಂದು ರಾಡಿಯನ್ನು ಯಾರು ಒಯ್ಯುತ್ತಾರೆಂದು ನಾನು ಆ ದಿನ ಕೇಳಲಿಲ್ಲ.