ಜೀತ ಯಾವುದು, ಕೂಲಿ ಯಾವುದು

ಮೊನ್ನೆ ಆಲೆಮನೆ ಹತ್ರ ಕಬ್ಬು ಕಡಿಯೋ ಗುಂಪಿನ ಹುಡುಗನೊಬ್ಬ, "ಹೊಟ್ಟೆಪಾಡಿಗೆ ದುಡಿಯೋದೂ ಜೀತಾನೇ ಅಲ್ವಾ ಗೌಡ್ರೆ?" ಅಂದ. ನಾನು ನಕ್ಕುಬಿಟ್ಟೆ. ರಾತ್ರಿಯೆಲ್ಲ ಅದೇ ಯೋಚನೆ.

ಜೀತ ಅಂದ್ರೇನು ಅಂತ ಮದ್ದೂರು, ಮಳವಳ್ಳಿ ಕಡೆ ಹಿರೀಕರಿಗೆ ಹೇಳಿಕೊಡಬೇಕಿಲ್ಲ. ಮದುವೆಗೋ ಕಾಯಿಲೆಗೋ ಸಾಲ ತಗೊಂಡವನು ಅದು ತೀರೋವರೆಗೆ ಧಣಿ ಮನೇಲಿರಬೇಕು. ಕೊಟ್ಟಿಗೆ ಬಾಚೋದು, ಗದ್ದೆಗೆ ನೀರು ಕಟ್ಟೋದು, ರಾತ್ರಿ ಕಣ ಕಾಯೋದು. ದುಡಿದದ್ದು ಬಡ್ಡಿಗೇ ಸರಿಹೋಗೋದು, ಅಸಲು ಮಗನ ತಲೆಗೆ ಬರೋದು. ನಮ್ಮ ತಾತನ ಮನೇಲೂ ಒಬ್ಬರಿದ್ರು. ಅದೇ ಕೆಲಸ ತಾತನೂ ಮಾಡೋರು. ಆದ್ರೆ ಬಿಟ್ಟು ಹೋಗೋಕೆ ಅವರಿಗೆ ಯಾರ ಅಪ್ಪಣೇನೂ ಬೇಕಿರಲಿಲ್ಲ. ವ್ಯತ್ಯಾಸ ಕೆಲಸದಲ್ಲಿಲ್ಲ, ಅಲ್ಲಿದೆ.

1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಆ ಸಾಲಗಳನ್ನೇ ಅಳಿಸಿಹಾಕಿತು. ಆದ್ರೂ 2000ದಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಹಂಗರಹಳ್ಳಿ ಕಲ್ಲುಕ್ವಾರಿಯಲ್ಲಿ ಕಾಲಿಗೆ ಸರಪಳಿ ಹಾಕಿದ್ದ ಕೂಲಿಗಳು ಸಿಕ್ಕರು. ಬಿಡಿಸಿದವರಲ್ಲಿ ನಮ್ಮ ರೈತಸಂಘದವರೂ ಇದ್ರು. ಸರಪಳಿ ಇದ್ರೇನೇ ಜೀತ ಅಂತಲ್ಲ ಕಣ್ರಪ್ಪಾ. ಮುಂಗಡ ತೋರಿಸಿ ಆಳನ್ನ ಬೇರೆ ಕಡೆ ಹೋಗದಂಗೆ ತಡೆದ್ರೂ ಕಾಯ್ದೆ ಅದನ್ನ ಜೀತ ಅಂತಾನೇ ಅನ್ನುತ್ತೆ.

ಹೋದ ವರ್ಷ ಇದೇ ಗುಂಪಿನವನೊಬ್ಬ ಹೆಂಡತಿ ಹೆರಿಗೆಗೆ ಊರಿಗೆ ಹೋಗ್ತೀನಿ ಅಂದಾಗ, "ಮುಂಗಡ ತೀರಿಸಿ ಹೋಗಪ್ಪ" ಅಂದಿದ್ದೆ. ಕಬ್ಬು ಒಣಗ್ತಿತ್ತು, ಬ್ಯಾಂಕಿನ ಕಂತೂ ಇತ್ತು, ನಿಜ. ಅವನು ಹೋಗಲಿಲ್ಲ.

ಈ ಸಲ ಮೇಸ್ತ್ರಿಗೆ ಹೇಳಿದ್ದೀನಿ: ಹೋಗ್ಬೇಕು ಅಂದವರನ್ನ ತಡೀಬೇಡ, ಲೆಕ್ಕ ಆಮೇಲೆ ನೋಡ್ಕೊಳ್ಳೋಣ. ನಿಮ್ಮ ಕಡೆ ಮುಂಗಡ ಹೆಂಗೆ ನಡೀತಿದೆ, ಬರೀರಿ.