ಭಂಡಾರದ ಬೀಗದ ಕೈ ಯಾರ ಹತ್ತಿರ?

ನಮ್ಮ ಬಸವಕಲ್ಯಾಣದ ಕಡೆ ಎಲ್ಲರಿಗೂ ಗೊತ್ತಿರುವ ಕತೆ ಇದು. ಬಸವಣ್ಣನವರು ಬಿಜ್ಜಳನ ಭಂಡಾರಿ. ರಾಜನ ದುಡ್ಡನ್ನೆಲ್ಲ ಜಂಗಮರ ದಾಸೋಹಕ್ಕೆ ಸುರೀತಿದ್ದಾರೆ ಅಂತ ಆಸ್ಥಾನದವರು ಚಾಡಿ ಹೇಳುತ್ತಾರೆ. ಬಿಜ್ಜಳ ಲೆಕ್ಕ ಕೇಳುತ್ತಾನೆ. ಬಸವಣ್ಣನವರು ಪೆಟ್ಟಿಗೆಗಳನ್ನು ತೆಗೆಸಿ, ಎಣಿಸಿ ನೋಡಿ ಅನ್ನುತ್ತಾರೆ. ಒಂದು ಕಾಸೂ ಕಡಿಮೆ ಇರುವುದಿಲ್ಲ. ಇದು ಪುರಾಣದ ಕತೆ, ಶಾಸನದ ದಾಖಲೆ ಅಲ್ಲ. ಆದರೆ ಇದರಲ್ಲಿ ನನಗೆ ಮುಖ್ಯ ಅನಿಸುವುದು ಪವಾಡ ಅಲ್ಲ, ಬೇರೆ ಎರಡು ಸಂಗತಿ. ಒಂದು, ಆರೋಪ ಹೊತ್ತವರು "ಇದು ಭಂಡಾರದ ಗುಟ್ಟು, ತೋರಿಸೋಕಾಗಲ್ಲ" ಅನ್ನಲಿಲ್ಲ. ಎರಡು, ಎಣಿಕೆ ಆವತ್ತೇ ನಡೆಯಿತು.

ಈ ಎರಡನೆಯದನ್ನು ನೆನಪಿಟ್ಟುಕೊಳ್ಳಿ. ಇವತ್ತಿನ ಬರಹ ಅದರ ಮೇಲೇ.

ಸರ್ಕಾರ ನಡೆಸುವವರು ಕೋರ್ಟಿಗೋ ಸದನಕ್ಕೋ "ಈ ಕಾಗದ ತೋರಿಸುವುದಿಲ್ಲ" ಎನ್ನುವ ಹಕ್ಕಿಗೆ ಕಾರ್ಯಾಂಗದ ವಿಶೇಷಾಧಿಕಾರ ಅಂತಾರೆ. ಇದು ಪೂರ್ತಿ ಕೆಟ್ಟದ್ದೇನಲ್ಲ. ಸಲಹೆ ಕೊಡುವವರು ನಾಳೆ ಪೇಪರಿನಲ್ಲಿ ಬರುತ್ತೆ ಅಂತ ಹೆದರಿದರೆ, ಮನಸ್ಸು ಬಿಚ್ಚಿ ಮಾತಾಡುವುದಿಲ್ಲ. ಪ್ರಶ್ನೆ ಬರುವುದು ಆರೋಪ ಇರುವವರೇ ಆ ಬೀಗದ ಕೈ ಇಟ್ಟುಕೊಂಡಾಗ.

ಇದರ ದೊಡ್ಡ ಉದಾಹರಣೆ ಅಮೆರಿಕದ ವಾಟರ್‌ಗೇಟ್. 1972ರ ಜೂನ್ 17ರಂದು ವಿರೋಧ ಪಕ್ಷದ ಕಚೇರಿಗೆ ನುಗ್ಗಿದವರು ಸಿಕ್ಕಿಬಿದ್ದರು. ಮುಂದಿನ ವರ್ಷ, ಅಧ್ಯಕ್ಷ ನಿಕ್ಸನ್ ತಮ್ಮ ಕಚೇರಿಯ ಮಾತುಗಳನ್ನೆಲ್ಲ ಟೇಪ್ ಮಾಡಿಸುತ್ತಿದ್ದರು ಅನ್ನುವುದು ಬಯಲಾಯಿತು. ವಿಶೇಷ ಪ್ರಾಸಿಕ್ಯೂಟರ್ ಟೇಪ್ ಕೊಡಿ ಅಂದರು, ನಿಕ್ಸನ್ ವಿಶೇಷಾಧಿಕಾರ ಅಂದರು. 1974ರ ಜುಲೈ 24ರಂದು ಅಲ್ಲಿನ ಸುಪ್ರೀಂ ಕೋರ್ಟಿನ 8 ನ್ಯಾಯಾಧೀಶರೂ ಒಂದೇ ದನಿಯಲ್ಲಿ ತೀರ್ಪು ಕೊಟ್ಟರು. ಇಂಥ ಅಧಿಕಾರ ಇರುವುದು ನಿಜ, ಆದರೆ ಅದಕ್ಕೆ ಮಿತಿ ಇದೆ, ಕ್ರಿಮಿನಲ್ ಕೇಸಿಗೆ ಬೇಕಾದ ಸಾಕ್ಷಿಯನ್ನು ಅದರ ಹಿಂದೆ ಬಚ್ಚಿಡುವಂತಿಲ್ಲ ಅಂತ. ಆಗಸ್ಟ್ 9ಕ್ಕೆ ನಿಕ್ಸನ್ ಕುರ್ಚಿ ಬಿಟ್ಟರು. ತೀರ್ಪಿಗೂ ರಾಜೀನಾಮೆಗೂ ನಡುವೆ ಬರೀ 16 ದಿನ.

ಈಗ ನಮ್ಮ ರಾಜ್ಯಕ್ಕೆ ಬರೋಣ. ನಮ್ಮಲ್ಲೂ ಕದ್ದು ಕೇಳಿದ ಮಾತಿನ ಹಗರಣ ಒಂದಿತ್ತು, ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲು. ಟೆಲಿಫೋನ್ ಕದ್ದಾಲಿಕೆ ಆರೋಪದಿಂದಾಗಿ 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಪದವಿ ಬಿಟ್ಟರು. ಆ ಕುರ್ಚಿಗೆ ಬಂದವರು ಎಸ್.ಆರ್. ಬೊಮ್ಮಾಯಿ. ಒಂಬತ್ತು ತಿಂಗಳು ತುಂಬುವ ಮೊದಲೇ ಅವರ ಸರ್ಕಾರ ಅಲ್ಲಾಡಿತು. 1989ರ ಏಪ್ರಿಲ್‌ನಲ್ಲಿ ಜನತಾ ದಳದ ಶಾಸಕ ಕಲ್ಯಾಣರಾವ್ ಮೊಳಕೇರಿ ಬೆಂಬಲ ವಾಪಸ್ ಪಡೆದು, 19 ಶಾಸಕರ ಹೆಸರಿನ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರಿಗೆ ಕೊಟ್ಟರು. ರಾಜ್ಯಪಾಲರು ದೆಹಲಿಗೆ ವರದಿ ಕಳಿಸಿದರು. ಅಷ್ಟರಲ್ಲಿ ಆ 19 ಜನರಲ್ಲಿ 7 ಜನ, ನಮ್ಮ ಸಹಿ ತಪ್ಪು ಹೇಳಿ ಹಾಕಿಸಿಕೊಂಡದ್ದು, ನಾವು ಸರ್ಕಾರದ ಜೊತೆಗೇ ಇದ್ದೇವೆ ಅಂದರು! ಬೊಮ್ಮಾಯಿ ರಾಜ್ಯಪಾಲರ ಹತ್ತಿರ ಹೋಗಿ, ಏಪ್ರಿಲ್ 27ಕ್ಕೆ ಅಧಿವೇಶನ ಇದೆ, ಬೇಕಾದರೆ ಇನ್ನೂ ಬೇಗ ಕರೆಯುತ್ತೇವೆ, ಸದನದಲ್ಲೇ ತಲೆ ಎಣಿಸಿ ಅಂದರು. ಅಂದರೆ ಪೆಟ್ಟಿಗೆ ತೆಗೆಯುತ್ತೇವೆ, ಎಣಿಸಿಕೊಳ್ಳಿ ಅಂತ. ಯಾರೂ ಎಣಿಸಲಿಲ್ಲ. ಏಪ್ರಿಲ್ 21ರಂದು ರಾಷ್ಟ್ರಪತಿ ಆರ್. ವೆಂಕಟರಾಮನ್ ಅವರ ಸಹಿಯೊಂದಿಗೆ ಸರ್ಕಾರ ವಜಾ ಆಯಿತು, ವಿಧಾನಸಭೆ ವಿಸರ್ಜನೆ ಆಯಿತು.

ಬೊಮ್ಮಾಯಿ ಹೈಕೋರ್ಟಿಗೆ ಹೋದರು, ಅಲ್ಲಿ ಸೋತರು. ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿ ಎದುರು ನಿಂತದ್ದು ಸಂವಿಧಾನದ 74(2)ನೇ ವಿಧಿ. ಮಂತ್ರಿಮಂಡಲ ರಾಷ್ಟ್ರಪತಿಗೆ ಏನು ಸಲಹೆ ಕೊಟ್ಟಿತು ಅನ್ನುವುದನ್ನು ಯಾವ ಕೋರ್ಟೂ ವಿಚಾರಿಸುವಂತಿಲ್ಲ ಅನ್ನುತ್ತದೆ ಅದು. ರಾಷ್ಟ್ರಪತಿ ಆಳ್ವಿಕೆ ಬರುವುದೇ ಆ ಸಲಹೆಯಿಂದ. ಹಾಗಾದರೆ ಒಂದು ರಾಜ್ಯದ ಸರ್ಕಾರವನ್ನು ಯಾಕೆ ಕಿತ್ತು ಹಾಕಿದಿರಿ ಅಂತ ಕೇಳುವುದಕ್ಕೇ ದಾರಿ ಇಲ್ಲವೇ?

ಈ ಪ್ರಶ್ನೆಗೆ ಹಳೆಯ ಒಂದು ಕೇಸಿನಲ್ಲಿ ಅರ್ಧ ಉತ್ತರ ಸಿಕ್ಕಿತ್ತು. ಪ್ರಧಾನಿ ಇಂದಿರಾ ಗಾಂಧಿ ಅವರ ಚುನಾವಣೆಯನ್ನು ಪ್ರಶ್ನಿಸಿದ ರಾಜ್ ನಾರಾಯಣ್, ಪ್ರಧಾನಿ ಪ್ರವಾಸದ ಭದ್ರತಾ ಸೂಚನೆಗಳಿರುವ 'ನೀಲಿ ಪುಸ್ತಕ' ಬೇಕು ಅಂದಿದ್ದರು. ಉತ್ತರ ಪ್ರದೇಶ ಸರ್ಕಾರ ಕೊಡುವುದಿಲ್ಲ ಅಂತು. 1975ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಗುಟ್ಟು ಅಂತ ಸರ್ಕಾರ ಹೇಳಿದ ಮಾತ್ರಕ್ಕೆ ಮುಗಿಯಲಿಲ್ಲ, ಬೇಕಿದ್ದರೆ ನ್ಯಾಯಾಧೀಶರು ಕಾಗದ ತರಿಸಿ ನೋಡಿ ತೀರ್ಮಾನ ಮಾಡಬಹುದು ಅಂತು. ಸರ್ಕಾರದ ಕೆಲಸ ತಿಳಿಯುವ ಹಕ್ಕು ಜನರಿಗಿದೆ ಅಂತ ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ ಬರೆದದ್ದು ಅದೇ ತೀರ್ಪಿನಲ್ಲಿ.

ಉಳಿದರ್ಧ ಉತ್ತರ ಬಂದದ್ದು ಬೊಮ್ಮಾಯಿ ಕೇಸಿನಲ್ಲಿ, 1994ರ ಮಾರ್ಚ್ 11ರಂದು, 9 ನ್ಯಾಯಮೂರ್ತಿಗಳ ಪೀಠದಿಂದ. ಸಲಹೆ ಗುಟ್ಟಾಗಿರಲಿ, ಆದರೆ ಆ ಸಲಹೆಗೆ ಆಧಾರವಾದ ಕಾಗದಪತ್ರ ಸಲಹೆಯ ಭಾಗವಲ್ಲ, ಅದನ್ನು ಕೋರ್ಟ್ ನೋಡಬಹುದು. ಬಹುಮತ ಎಣಿಸಬೇಕಾದದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ. ಕರ್ನಾಟಕದ ವಜಾ ಸಂವಿಧಾನ ಬಾಹಿರ ಅಂತ ಘೋಷಣೆ ಆಯಿತು.

ಬೊಮ್ಮಾಯಿ ಗೆದ್ದರು. ಆದರೆ ಏನನ್ನು ಗೆದ್ದರು?

1989ರ ನವೆಂಬರಿನಲ್ಲೇ ಚುನಾವಣೆ ನಡೆದು, ಕಾಂಗ್ರೆಸ್ 178 ಸೀಟು ತಗೊಂಡು, ಹುಮನಾಬಾದಿನ ಪಕ್ಕದ ಚಿಂಚೋಳಿಯ ವೀರೇಂದ್ರ ಪಾಟೀಲರು ಮುಖ್ಯಮಂತ್ರಿ ಆಗಿದ್ದರು. ಅವರ ನಂತರ ಬಂಗಾರಪ್ಪ. ತೀರ್ಪು ಬಂದ ದಿನ ಆ ಕುರ್ಚಿಯಲ್ಲಿದ್ದವರು ವೀರಪ್ಪ ಮೊಯಿಲಿ. ವಾಪಸ್ ಕೊಡುವುದಕ್ಕೆ ಸರ್ಕಾರವೂ ಇರಲಿಲ್ಲ, ವಿಧಾನಸಭೆಯೂ ಇರಲಿಲ್ಲ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ, ಸರ್ವರ್ ಯಾಕೆ ಬಿತ್ತು ಅಂತ ಲಾಗ್ ನೋಡುವ ಪರ್ಮಿಷನ್ ಸಿಕ್ಕಿತು. ಆದರೆ ಐದು ವರ್ಷ ಆದ ಮೇಲೆ, ಆ ಸರ್ವರನ್ನು ಗುಜರಿಗೆ ಹಾಕಿದ ಮೇಲೆ :)

ನಾನು ಹೇಳಹೊರಟಿದ್ದು ಇದನ್ನೇ. ಅಧಿಕಾರದಲ್ಲಿ ಇರುವವರನ್ನು ಕಾಪಾಡುವುದು ಗುಟ್ಟಿಗಿಂತ ಹೆಚ್ಚಾಗಿ ತಡ. ನಿಕ್ಸನ್‌ಗೆ ಆ ತಡ ಸಿಗಲಿಲ್ಲ, ಆದ್ದರಿಂದ ಬಿದ್ದರು. 1989ರಲ್ಲಿ ದೆಹಲಿಯಲ್ಲಿದ್ದವರಿಗೆ ಸಿಕ್ಕಿತು.

ಈ ತಡದ ಲೆಕ್ಕದಲ್ಲಿ ನಮ್ಮ ಬೀದರ್ ಜಿಲ್ಲೆಗೂ ಒಂದು ಪಾಲಿದೆ. ಬಸವಕಲ್ಯಾಣ, ಹುಮನಾಬಾದ್ ಎರಡೂ 1948ರವರೆಗೆ ನಿಜಾಮನ ಸಂಸ್ಥಾನದಲ್ಲಿದ್ದವು. ಆ ವರ್ಷದ ಮೇನಲ್ಲಿ ಬಸವಕಲ್ಯಾಣದ ಕಡೆಯ ಗೋರ್ಟಾ ಗ್ರಾಮದಲ್ಲಿ ರಜಾಕಾರರು ದೊಡ್ಡ ಹತ್ಯಾಕಾಂಡ ಮಾಡಿದರು. ಅದರ ಸ್ಮಾರಕ ಉದ್ಘಾಟನೆ ಆದದ್ದು 2023ರಲ್ಲಿ. ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಆಗಿ ಸಂಸ್ಥಾನ ಭಾರತಕ್ಕೆ ಸೇರಿತು. ಅದರ ಬೆನ್ನಿಗೇ ಈ ಕಡೆಯ ಜಿಲ್ಲೆಗಳಲ್ಲಿ ಮುಸಲ್ಮಾನರ ಮೇಲೆ ಹತ್ಯೆ, ಲೂಟಿ ನಡೆಯಿತು. ನೋಡಿಕೊಂಡು ಬನ್ನಿ ಅಂತ ನೆಹರೂ ಸರ್ಕಾರ ಪಂಡಿತ್ ಸುಂದರಲಾಲ್ ಅವರ ತಂಡವನ್ನು ಕಳಿಸಿತು. ಸತ್ತವರು 27 ಸಾವಿರದಿಂದ 40 ಸಾವಿರ ಇರಬಹುದು ಅಂತ ಆ ತಂಡ ಅಂದಾಜು ಮಾಡಿತು. ಅತಿ ಹೆಚ್ಚು ಪೆಟ್ಟು ಬಿದ್ದ ನಾಲ್ಕು ಜಿಲ್ಲೆ ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಅಂತ ಬರೆಯಿತು. ಸರ್ಕಾರ ಆ ವರದಿಯನ್ನು ಪ್ರಕಟಿಸಲೇ ಇಲ್ಲ. ಜನರಿಗೆ ಪೂರ್ತಿ ಓದಲು ಸಿಕ್ಕಿದ್ದು 2013ರಲ್ಲಿ. ಅರವತ್ತು ವರ್ಷಕ್ಕೂ ಮೇಲೆ! ಗೋರ್ಟಾದ ಹೆಣಗಳಿಗೂ ಆಮೇಲಿನ ಹೆಣಗಳಿಗೂ ನ್ಯಾಯ ಕೇಳಬಹುದಾಗಿದ್ದ ಸಾಕ್ಷಿಗಳೆಲ್ಲ ಅಷ್ಟರಲ್ಲಿ ಮಣ್ಣಾಗಿದ್ದರು. ಲೆಕ್ಕ ಮುಚ್ಚಿಟ್ಟಾಗ ಊರಿನಲ್ಲಿ ಉಳಿಯುವುದು ಎರಡು ಕಡೆಯ ಗಾಳಿಮಾತು, ಅದು ಮೊಮ್ಮಕ್ಕಳ ತನಕ ಬರುತ್ತದೆ.

ಈಗ ಪರಿಸ್ಥಿತಿ ಹೇಗಿದೆ? 2005ರ ಮಾಹಿತಿ ಹಕ್ಕು ಕಾಯ್ದೆ, ಮಂತ್ರಿಮಂಡಲದ ತೀರ್ಮಾನ ಆಗಿ ವಿಷಯ ಮುಗಿದ ಮೇಲೆ ಅದರ ಕಾರಣ ಮತ್ತು ಆಧಾರಗಳನ್ನು ಬಹಿರಂಗ ಮಾಡಬೇಕು ಅನ್ನುತ್ತದೆ. ಆದರೆ 2002ರ ಗುಜರಾತ್ ಗಲಭೆ ಸಮಯದಲ್ಲಿ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಮತ್ತು ಪ್ರಧಾನಿ ವಾಜಪೇಯಿ ನಡುವೆ ನಡೆದ ಪತ್ರ ವ್ಯವಹಾರವನ್ನು ನೋಡಬೇಕು ಅಂತ ಕೇಂದ್ರ ಮಾಹಿತಿ ಆಯೋಗ ಕೇಳಿದಾಗ, 2012ರಲ್ಲಿ ದೆಹಲಿ ಹೈಕೋರ್ಟ್ 74(2)ನ್ನು ತೋರಿಸಿ ಬೇಡ ಅಂತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 165ನೇ ಕಲಮಿನಲ್ಲೂ ಒಂದು ಸಾಲು ಸೇರಿದೆ. ಮಂತ್ರಿಗಳು ಮತ್ತು ರಾಷ್ಟ್ರಪತಿ ನಡುವಿನ ಪತ್ರ ವ್ಯವಹಾರವನ್ನು ಹಾಜರುಪಡಿಸಿ ಅಂತ ಯಾವ ಕೋರ್ಟೂ ಹೇಳುವಂತಿಲ್ಲ ಅಂತ. ಬೊಮ್ಮಾಯಿ ತೀರ್ಪು ಸಲಹೆಗೂ ಅದರ ಆಧಾರಕ್ಕೂ ನಡುವೆ ಎಳೆದ ಗೆರೆ ಈ ಸಾಲಿನ ಎದುರು ಎಷ್ಟು ಗಟ್ಟಿ ನಿಲ್ಲುತ್ತದೆ ಅನ್ನುವುದನ್ನು ನಾವೆಲ್ಲ ಗಮನಿಸಬೇಕು.

ಸರ್ಕಾರಕ್ಕೆ ಗುಟ್ಟೇ ಇರಬಾರದು ಅಂತ ನಾನು ಹೇಳುವುದಿಲ್ಲ. ಗುಟ್ಟು ಇರಲಿ. ಆದರೆ ಅದಕ್ಕೊಂದು ತಾರೀಖು ಇರಲಿ, ಬೀಗದ ಕೈ ಆರೋಪ ಹೊತ್ತವರ ಸೊಂಟದಲ್ಲಿ ಇರದಿರಲಿ. 1989ರ ಆ ಏಪ್ರಿಲ್ ವಾರ ನೆನಪಿರುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಕೇಳಿ, ನಿಮ್ಮ ಬ್ಲಾಗಿನಲ್ಲಿ ಬರೆದಿಡಿ. ವರದಿಗಳು ಬೀಗದೊಳಗೆ ಇರುವಷ್ಟು ಕಾಲ ನಮ್ಮ ಹತ್ತಿರ ಇರುವ ಲೆಕ್ಕ ಅದೊಂದೇ.